ಗೌಡ್ರಿಗೆ ಹಳೇ ನೀರು

ಇವತ್ತು ಮುಂಜಾನೆ ನಳ ಬಂತು. ನಮ್ಮ ಬೆಂಗೇರಿಯ ಓಣಿಯಲ್ಲಿ ನಳ ಬರುವುದೆಂದರೆ ಸಣ್ಣ ಹಬ್ಬವೇ ಸರಿ. ದಿನಗಟ್ಟಲೆ ದಾರಿ ಕಾಯಿಸಿದ ನೀರು ಮೊದಲು ಒಂದಿಷ್ಟು ಗಾಳಿ ಉಗುಳಿ, ಆಮೇಲೆ ಬ್ಲೀಚಿಂಗ್ ಪೌಡರಿನ ವಾಸನೆ ಹೊತ್ತು ಧೋ ಎಂದು ಬೀಳುತ್ತದೆ. ಇವತ್ತು ಆ ವಾಸನೆ ತುಸು ಹೆಚ್ಚೇ ಇತ್ತು. ಕೊಡ ಹಿಡಿದವಳು ಹಾಗೆಯೇ ನಿಂತುಬಿಟ್ಟೆ. ಬಾಜೂ ಮನೆಯ ಕಾಕಾ ನೆನಪಾದರು...

ಹತ್ತಿಯ ವ್ಯಾಪಾರ ಮಾಡಿ, ಅಂಗಡಿಯನ್ನು ಮಕ್ಕಳ ಕೈಗೊಪ್ಪಿಸಿ ಆರಾಮಾಗಿ ಕೂತಿದ್ದವರು ಅವರು. ಯಾವ ಬಟ್ಟೆ ಕೈಗೆ ಸಿಕ್ಕರೂ ಅದರ ಅಂಚಿನಿಂದ ಒಂದು ಎಳೆ ಬಿಡಿಸಿ, ಬೆಳಕಿಗೆ ಹಿಡಿದು ಎಳೆದು ನೋಡುವ ಅಭ್ಯಾಸ. ನಮ್ಮ ಮನೆಯ ಎಷ್ಟೋ ಟವೆಲ್ಲುಗಳ ಅಂಚು ಬಿಚ್ಚಿದ್ದು ಹಾಗೆ.

ಅವರ ಮೊಮ್ಮಗಳು ಹಟ ಹಿಡಿದು ಮೀನಿನ ಅಂಗಡಿಯಿಂದ ಒಂದು ಸಲಮಾಂಡರ್ ತರಿಸಿಕೊಂಡಳು. ಸ್ವಲ್ಪ ದಿನಕ್ಕೆ ಅವಳಿಗೆ ಬೇಸರವಾಗಿ, ಅದು ಕಾಕಾನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಓದುವಾಗ ನಾನು ಸಲಮಾಂಡರಿನ ಚಿತ್ರ ಬರೆದು ಹಳದಿ ಚುಕ್ಕೆ ಇಟ್ಟಿದ್ದೆ. ಅದು ಥಂಡಿ ದೇಶದ ಪ್ರಾಣಿ ಎಂದು ಸಿಸ್ಟರ್ ಹೇಳಿದ್ದರು. ಇದಕ್ಕೆ ಚುಕ್ಕೆ ಇರಲಿಲ್ಲ. ಗೇಣುದ್ದ, ತಿಳಿ ಗುಲಾಬಿ ಬಣ್ಣ, ಸದಾ ನಗುತ್ತಿದೆಯೇನೋ ಎನಿಸುವ ಅಗಲ ಬಾಯಿ. ಉಳಿದ ಸಲಮಾಂಡರುಗಳು ದೊಡ್ಡವಾದ ಮೇಲೆ ಕಿವಿರು ಕಳೆದುಕೊಂಡು ನೆಲಕ್ಕೆ ಬರುತ್ತವಂತೆ. ಇದರ ಜಾತಿ ಬರುವುದಿಲ್ಲ, ಸಾಯುವ ತನಕ ನೀರಿನಲ್ಲೇ. "ಮುದುಕ ಆದ್ರೂ ಕೂಸ ನೋಡು," ಎನ್ನುತ್ತಿದ್ದರು ಕಾಕಾ. ಆ ಕಿವಿರುಗಳು ತಲೆಯ ಎರಡೂ ಕಡೆ ಕೆಂಪು ತುರಾಯಿಯಂತೆ ಹರಡಿದ್ದವು. ತಲೆಗೆ ಪಟಗಾ ಸುತ್ತಿ ಪಂಚಾಯತಿಗೆ ಕೂತಂತೆ ಕಾಣುತ್ತಿದ್ದುದರಿಂದ ಅದಕ್ಕೆ 'ಗೌಡ್ರು' ಎಂದೇ ಹೆಸರು.

ಗೌಡ್ರ ಊಟ ಎರೆಹುಳ. ಹೆಬ್ಬಳ್ಳಿಯ ನೆಂಟರ ಹೊಲದ ಗೊಬ್ಬರದ ಗುಂಡಿಯಿಂದ ಬರುತ್ತಿತ್ತು. ಕಾಕಾ ಲಿಂಗಪೂಜೆ ಮುಗಿಸಿ, ನಾಷ್ಟಾ ಮಾಡಿ, ಹಿತ್ತಲಲ್ಲಿ ಕೂತು ಹುಳ ತೊಳೆಯುವರು.

"ಉಳ್ಳಾಗಡ್ಡಿ ಹೆಚ್ಚರಿ ಅಂದ್ರ ಕಣ್ಣ ಉರೀತಾವಂತ. ಹುಳಾ ತೊಳ್ಯಾಕ ಮಾತ್ರ ಏನೂ ಆಗಂಗಿಲ್ಲ," ಎಂದು ಕಾಕಿ ಹಂಗಿಸಿದರೆ, "ಉಣ್ಣಾವ್ರು ಗೌಡ್ರು, ನಾ ಬರೇ ಬಡಸಾಂವಾ," ಎನ್ನುವರು.

ಒಂದು ಬೇಸಿಗೆಯಲ್ಲಿ ಕಾಕಾನ ಕಾಲಿಗೆ ಹುಣ್ಣಾಯಿತು. ಶುಗರ್ ಇದ್ದ ಮೈ, ಮಾಯಲಿಲ್ಲ. ಆಪರೇಷನ್ ಆಗಬೇಕು, ಪಾದ ಉಳಿಯುವುದೋ ಇಲ್ಲವೋ ಒಳಗೆ ನೋಡಿದ ಮೇಲೇ ಗೊತ್ತು ಎಂದರು ಡಾಕ್ಟರು. ದವಾಖಾನೆಗೆ ಹೊರಡುವ ಮುಂಚೆ ಗಾಜಿನ ಪೆಟ್ಟಿಗೆ ನಮ್ಮ ಪಡಸಾಲೆಗೆ ಬಂತು.

"ತಂಗಿ, ನೀರು ಬೆಚ್ಚಗ ಆಗಬಾರದು. ಬಾಟ್ಲ್ಯಾಗ ಬರ್ಫ ಮಾಡಿ ತೇಲಿ ಬಿಡು. ಕೆಳಗ ಕಲ್ಲು-ಹಳ್ಳು ಹಾಕಬ್ಯಾಡ, ಬಾಯಿಗೆ ಸಿಕ್ಕದ್ದ ನುಂಗತಾರ ಇವ್ರು. ನಳದ ಹೊಸಾ ನೀರಂತೂ ವಿಷಾ. ಪೌಡರ್ ವಾಸ್ನಿ ಹೋಗೂತನಕಾ ತೆರದಿಟ್ಟ ಹಳೇ ನೀರ ಆಗಬೇಕು." ಆಮೇಲೆ ಗಾಜಿನ ಮೇಲೆ ಬೆರಳಿಟ್ಟು ನಕ್ಕರು. "ಇವ್ರದು ಕಾಲು ಹರದ್ರ ಮತ್ತ ಹೊಸಾದು ಬೆಳೀತೈತಂತ. ಪುಣ್ಯಾ ಮಾಡ್ಯಾರ."

ಕಾಕಿ ನನ್ನನ್ನು ಬಾಗಿಲ ಸಂದಿಗೆ ಕರೆದರು. "ಇದಕ್ಕೊಂದು ಏನೂ ಆಗಧಂಗ ನೋಡಕೋ ಯವ್ವಾ. ಗೌಡ್ರು ಛಲೋ ಇರೂತನಕಾ ನನಗೇನೂ ಆಗಂಗಿಲ್ಲ ಅಂತ ತಲ್ಯಾಗ ತುಂಬ್ಕೊಂಡು ಕುಂತಾರ."

ಆಪರೇಷನ್ನಿನ ಹಿಂದಿನ ದಿನ ನಾನು ಸುಳ್ಳ ಗ್ರಾಮಕ್ಕೆ, ನೆಂಟರ ಮನೆಯ ಬಸುರಿಯ ಕುಬಸಕ್ಕೆ ಹೋಗಿದ್ದೆ. ಉಡಿ ತುಂಬಿ, ಊಟ ಮುಗಿಸಿ ಬರುವಷ್ಟರಲ್ಲಿ ನಳ ಬಂದು ಹೋಗಿತ್ತು. ನಳ ಬಂದ ಮೇಲೆ ನಮ್ಮ ಕಡೆ ಯಾರೂ ಹಳೇ ನೀರು ಇಟ್ಟುಕೊಳ್ಳುವುದಿಲ್ಲ. ಎಷ್ಟೇ ಬರಗಾಲವಿದ್ದರೂ ಹಳೆಯದನ್ನು ಗಿಡಕ್ಕೋ ಅಂಗಳಕ್ಕೋ ಚೆಲ್ಲಿ, ಹೊಸದನ್ನು ತುಂಬಿದರೇ ಸಮಾಧಾನ. ಅತ್ತೆಯವರು ಎಲ್ಲವನ್ನೂ ತಿಕ್ಕಿ ತೊಳೆದು ತುಂಬಿದ್ದರು... ಗಾಜಿನ ಪೆಟ್ಟಿಗೆಯನ್ನೂ.

"ಪಾಪ, ಅದೂ ಒಂದ ಜೀವ. ಹೊಸಾ ನೀರ ಕಾಣಲಿ ಅಂತ ತುಂಬೇನಿ," ಎಂದರು ಖುಷಿಯಿಂದ.

ಗೌಡ್ರ ತುರಾಯಿ ಮುದುಡಿತ್ತು. ಬಾಲದ ತುದಿ ಕೊಂಡಿಯಂತೆ ಬಾಗಿತ್ತು. ಮೈಮೇಲೆ ಬಿಳಿ ಪೊರೆ. ಮೇಲೆ ಬಂದು ಗಾಳಿ ನುಂಗುವುದು, ಮಗ್ಗುಲಾಗಿ ಮುಳುಗುವುದು. ನಾನು ಕಾಕಿಗೆ ಫೋನು ಹಚ್ಚಿದೆ. ಅವರಿಗೆ ಮಾತ್ರ ಹೇಳೋಣವೆಂದಿದ್ದೆ. ಫೋನು ಎತ್ತಿದವರು ಕಾಕಾ.

"ಯಾಕ ಅಳಾಕತ್ತಿ? ಬಾಯಿ ಆಡಸ್ತಾರಿಲ್ಲೋ ಗೌಡ್ರು?"

"ಆಡಸ್ತಾರ್ರಿ."

"ಮತ್ತ್ಯಾಕ ಅಳತಿ? ನಮ್ಮ ಮನಿ ಕೀಲಿ ತಗೋ. ಬಚ್ಚಲದಾಗ ನೀಲಿ ಬಕೀಟ ತುಂಬಿಟ್ಟೇನಿ. ತಾಮ್ರದ ಹಂಡೇದು ಮುಟ್ಟಬ್ಯಾಡ ಮತ್ತ, ತಾಮ್ರಾ ಇವ್ರಿಗೆ ಆಗಂಗಿಲ್ಲ. ಒಂದ ಪ್ಲಾಸ್ಟಿಕ್ ಡಬ್ಬ್ಯಾಗ ಆ ನೀರ ಹಾಕಿ, ಇವ್ರನ್ನ ಬಿಟ್ಟು, ಫ್ರಿಜ್ನ್ಯಾಗ ಇಡು. ಬರ್ಫ ಆಗೋ ಕಡೆ ಅಲ್ಲ, ಕೆಳಗ. ದಿನಾ ನೀರ ಬದ್ಲಿಸು. ಥಂಡ್ಯಾಗ ಚೇತರಿಸ್ಕೋತಾರ."

ಬಕೀಟು ತಂದೆ, ಡಬ್ಬಿ ತುಂಬಿ ಗೌಡ್ರನ್ನು ಅದರಲ್ಲಿ ಬಿಟ್ಟೆ. ಫ್ರಿಜ್ಜಿನ ಮುಂದೆ ನಿಂತಾಗ ಮಾತ್ರ ಬಾಗಿಲು ತೆರೆಯಲು ಹಿಂಜರಿದೆ. ಅದು ಅತ್ತೆಯವರ ಫ್ರಿಜ್ಜು. ದೇವರ ಹೂವು, ಹೆಪ್ಪಿನ ಮೊಸರು, ಬೆಣ್ಣೆ ಇರುವ ಜಾಗ. ಇಷ್ಟು ವರ್ಷದಲ್ಲಿ ಒಂದು ತತ್ತಿಯೂ ಅದರ ಒಳಗೆ ಹೋಗಿಲ್ಲ. ಅತ್ತೆಯವರು ನನ್ನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದರು. ಕೆಳಗಿನ ಅಂಕಣದಿಂದ ಒಂದೊಂದೇ ಪಾತ್ರೆ ತೆಗೆದು ಕಟ್ಟೆಯ ಮೇಲಿಟ್ಟರು.

"ಬೆಣ್ಣಿ ಹೊರಗ ಇದ್ರ ಸಾಯಂಗಿಲ್ಲ. ಇಡು," ಎಂದರು. ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಕೇಳಿದರು: "ಒಳಗಿನ ಲೈಟ್ ಆರತೈತಿಲ್ಲ? ಅದಕ್ಕ ಕಣ್ಣರೆಪ್ಪಿ ಇಲ್ಲಂತಿದ್ರಲ್ಲ ಕಾಕಾ..."

ಮರುದಿನ ಕಾಕಾನ ಆಪರೇಷನ್. ಹಾಲಿನ ನೆವ, ಮೆಣಸಿನಕಾಯಿಯ ನೆವ ಮಾಡಿ ನಾನೂ ಅತ್ತೆಯವರೂ ಸರದಿಯಲ್ಲಿ ಫ್ರಿಜ್ಜು ತೆರೆದು ನೋಡುತ್ತಿದ್ದೆವು. ಮಧ್ಯಾಹ್ನ ಬಾಲದ ಕೊಂಡಿ ತುಸು ಸಡಿಲಾದಂತಿತ್ತು. ಇಳಿಹೊತ್ತಿಗೆ ಕಾಕಿಯ ಫೋನು. ಎರಡು ಬೆರಳು ತೆಗೆದಿದ್ದಾರೆ, ಪಾದ ಉಳಿಯಿತು. ಅತ್ತೆಯವರು ಅಲ್ಲಿಯೇ ನೆಲಕ್ಕೆ ಕೂತು, ಸೆರಗಿನಿಂದ ಮುಖವೊರೆಸಿಕೊಂಡು, "ಹೋಗಲಿ ಬಿಡು, ಬೆರಳೇನು," ಎಂದರು. ನನಗೋ, ಎಷ್ಟೋ ದಿನ ಹೊತ್ತ ಕೊಡ ಇಳಿಸಿದ ಹಾಗಾಯಿತು.

ಕಾಕಾ ಮನೆಗೆ ಬರುವಷ್ಟರಲ್ಲಿ ಗೌಡ್ರ ತುರಾಯಿ ಮತ್ತೆ ಕೆಂಪಾಗಿ ಅರಳಿತ್ತು. ಚಿಮಟಿಗೆಯಲ್ಲಿ ಹಿಡಿದ ಹುಳವನ್ನು ಟಪ್ಪನೆ ಒಳಗೆಳೆದುಕೊಂಡರು. ಕಾಕಾ ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ನೋಡುತ್ತ ಕೂತರು.

"ಬೆರಳ ಹೋದ್ರ ನಿಮಗ ಬರತಾವ ಗೌಡ್ರ, ನನಗ ಬರಂಗಿಲ್ಲ. ಇರಲಿ. ಚಪ್ಪಲಿ ಹಾಕ್ಕೊಂಡು ಪ್ಯಾಟಿಗೆ ಹೋಗಾಕ ನಿಮಗ ಬರಂಗಿಲ್ಲ."

ಅತ್ತೆಯವರು ನಾಚಿಕೆಯಿಂದ ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ಕಾಕಾ ಅಲ್ಲಿಂದಲೇ ಕೂಗಿದರು: "ಅಕ್ಕಾರ, ಹೊರಗ ಬರ್ರಿ! ಗೌಡ್ರು ನಿಮ್ಮ ಫ್ರಿಜ್ಜ ಭಾಳ ಹೊಗಳಾಕತ್ತಾರ!"

ಆಮೇಲೆ ಎಷ್ಟೋ ವರ್ಷ ಅವರು ಆ ಪಾದದ ಮೇಲೆಯೇ ನಡೆದಾಡಿದರು, ಒಂದು ಕಡೆ ತುಸು ವಾಲಿಕೊಂಡು. ಹೋದ ಶ್ರಾವಣದಲ್ಲಿ, ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಕಾಕಿ ಧಾರವಾಡದ ಮಗಳ ಮನೆಗೆ ಹೋಗುವಾಗ ಗೌಡ್ರ ಸಮೇತ ಗಾಜಿನ ಪೆಟ್ಟಿಗೆಯನ್ನೂ ನೀಲಿ ಬಕೀಟನ್ನೂ ನಮಗೆ ಬಿಟ್ಟುಹೋದರು. ನಮ್ಮ ಟವೆಲ್ಲುಗಳ ಅಂಚು ಈಗ ಬಿಚ್ಚುವುದಿಲ್ಲ...

ಇವತ್ತು ಎಲ್ಲ ಪಾತ್ರೆಯೂ ತುಂಬಿದ ಮೇಲೆ, ಯಾವುದೋ ಯೋಚನೆಯಲ್ಲಿ ನಾನು ಮೆಟ್ಟಿಲ ಕೆಳಗಿನ ನೀಲಿ ಬಕೀಟಿಗೂ ಕೈ ಹಾಕಿದ್ದೆ. ಚೆಲ್ಲಲು ಬಾಗಿಸಿದ್ದೇ ತಡ, ಒಳಗಿನಿಂದ ಅತ್ತೆಯವರ ದನಿ ಬಂತು.

"ಏ, ಅದನ್ನ ಇಡು ಅಲ್ಲೆ. ಅದು ನಿಮ್ಮ ಕಾಕಾನ ನೀರು."