ಹಟಕ್ಕೆ ಬಂದ ಕಂಪ್ಯೂಟರ್

ಅಜ್ಜಂಪುರದಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟಿರುವ ಬೆನಕಪ್ಪನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿರುತ್ತಿತ್ತು. ಕಬಡ್ಡಿಯ ಮಾತು ಬಂದರೆ ಮೂಗನ್ನೂ ದಾಟುತ್ತಿತ್ತು.

ಅವನೇನೂ ಆಟಗಾರನಲ್ಲ. ಹುಡುಗನಾಗಿದ್ದಾಗ ಒಮ್ಮೆ ಅಂಕಣಕ್ಕಿಳಿದು, ಮಂಡಿಯ ಸಿಪ್ಪೆ ಸುಲಿದುಕೊಂಡು ವಾಪಸಾಗಿದ್ದ, ಅಷ್ಟೇ. ಆದರೆ ಅಜ್ಜಂಪುರದ ತಂಡ ಕಡೂರಿನಲ್ಲಿ ಆಡಲಿ, ತರೀಕೆರೆಯಲ್ಲಿ ಆಡಲಿ, ಅಂಗಡಿಗೆ ಬೀಗ ಜಡಿದು ಹೋಗಿ ಅಂಕಣದ ಗೆರೆಗೆ ಒತ್ತಿಕೊಂಡೇ ಕೂರುತ್ತಿದ್ದ. ನಮ್ಮ ರೈಡರ್ ಪಾಯಿಂಟ್ ತಂದ ಕೂಡಲೇ ಹೆಗಲ ಮೇಲಿನ ಟವೆಲ್ ತೆಗೆದು ಒಳಗೆ ಎಸೆಯುತ್ತಿದ್ದ. ರೈಡರ್ ಅದನ್ನು ಕೊರಳಿಗೆ ಹಾಕಿಕೊಂಡು ಬಂದು ಹಿಂದಿರುಗಿಸಬೇಕು. ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ ಇದು. ಟವೆಲ್ ಬಿತ್ತೆಂದರೆ ಪಾಯಿಂಟ್ ಬಂತೆಂದೇ ಲೆಕ್ಕ. ಹುಡುಗರು ಸ್ಕೋರ್ ಬೋರ್ಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಇಂಥವನ ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಮಗಳು ಸಂಗೀತಾ ಬಿ.ಕಾಂ. ಸೇರಿದಾಗಿನಿಂದ ಕೇಳಿ ಕೇಳಿ ಸೋತಿದ್ದಳು. "ಕೂತಲ್ಲೇ ಬೆರಳಾಡ್ಸೋ ಪೆಟ್ಟಿಗೆ ನನ್ನ ಹೊಸ್ಲು ದಾಟಕೂಡ್ದು ಕಣೇ. ಇವತ್ತು ಓದಕ್ಕೆ ಅಂತೀಯ, ನಾಳೆ ಕಬಡ್ಡೀನೂ ಅದ್ರೊಳ್ಗೇ ಆಡ್ತೀವಿ ಅಂತೀರ" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದ. ಅವಳು ಗೆಳತಿಯ ಮನೆಗೆ ಅಲೆದು ಕಾಲೇಜಿನ ಕೆಲಸ ಮುಗಿಸಿಕೊಳ್ಳುತ್ತಿದ್ದಳು.

ಕೊನೆಗೂ ಅದನ್ನು ಹೊಸ್ತಿಲು ದಾಟಿಸಿದ್ದು ಕಡೂರಿನ ಫೈನಲ್. ಎದುರಾಳಿ ಕಡೂರು. ಎರಡೂ ಕಡೆ ಸಮ ಪಾಯಿಂಟ್, ಕೊನೆಯ ರೈಡ್. ನಮ್ಮ ವಿಜಯ್ ಒಬ್ಬನನ್ನು ಮುಟ್ಟಿ ತಿರುಗಿದ. ನಡುಗೆರೆಯ ಹತ್ತಿರ ಹಿಂದಿನಿಂದ ಬಂದು ಅವನನ್ನು ಹಿಡಿದರು. ಗೆರೆ ದಾಟಿದ ಮೇಲೆ ಹಿಡಿದರೋ, ದಾಟುವ ಮೊದಲೇ ಹಿಡಿದರೋ? ಅಂಪೈರ್ ಗುಲಾಮ್ ಮೊಹಿದ್ದೀನ್ ಸೀಟಿ ಊದಿ, ವಿಜಯ್ ಔಟ್ ಎಂದರು. ಕಡೂರು ಗೆದ್ದಿತು.

ಗುಲಾಮ್ ಮೊಹಿದ್ದೀನ್ ತರೀಕೆರೆಯ ನಿವೃತ್ತ ಪಿ.ಟಿ. ಮೇಷ್ಟ್ರು, ಬೆನಕಪ್ಪನ ಹಳೆಯ ಸ್ನೇಹಿತರು. ತರೀಕೆರೆಗೆ ಹೋದಾಗಲೆಲ್ಲ ಅವರ ಮನೆಯಲ್ಲಿ ಚಹಾ ಕುಡಿಯದೆ ಇವನು ಬಸ್ ಹತ್ತಿದ್ದೇ ಇಲ್ಲ. ಅಂಥವರ ಬಗ್ಗೆ ಇಡೀ ಮೈದಾನಕ್ಕೆ ಕೇಳುವಂತೆ, "ಮೇಷ್ಟ್ರು ಕಡೂರಿನೋರಿಗೆ ಮಾರ್ಕಂಡಿದಾರೆ ಕಣ್ರೋ" ಎಂದು ಕೂಗಿಬಿಟ್ಟ. ನಮ್ಮೂರಿನ ಹುಡುಗರು ಕಲ್ಲು ಕೈಗೆತ್ತಿಕೊಂಡರು. ಮೇಷ್ಟ್ರನ್ನು ಯಾರೋ ಪುಣ್ಯಾತ್ಮರು ಹಿಂದಿನ ಗೇಟಿನಿಂದ ಸಾಗಿಸಿದರು. ಅಲ್ಲಿಂದಾಚೆಗೆ ಅವರನ್ನು ಯಾರೂ ಅಂಪೈರಿಂಗಿಗೆ ಕರೆಯಲಿಲ್ಲ. ಇವನಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ಬೂಸಾ ಕೊಳ್ಳಲು ಬಂದವರ ಕಿವಿಗೂ ಅದೇ ಪುರಾಣ.

"ಒಂದು ಆಟಕ್ಕೋಸ್ಕರ ಇಂಥಾ ಸ್ನೇಹ ಕಳ್ಕೋತಾರೇನ್ರೀ?" ಎಂದಳು ಹೆಂಡತಿ ಮಲ್ಲಿಕಾಂಬ.

"ಆಟಕ್ಕಲ್ಲ, ಮೋಸಕ್ಕೆ" ಎಂದ ಬೆನಕಪ್ಪ. ಮೂರ್ಖನಿಗೆ ಸಿಟ್ಟು ಬಂದಾಗ ಧರ್ಮವೂ ಜೊತೆಗೇ ನೆನಪಾಗುತ್ತದೆ.

ಆ ಪಂದ್ಯವನ್ನು ಮದುವೆ ವಿಡಿಯೋ ತೆಗೆಯುವವನೊಬ್ಬ ಮಾಳಿಗೆಯ ಮೇಲಿನಿಂದ ತೆಗೆದಿದ್ದ. ಫೋನಿನಲ್ಲಿ ನೋಡಿದರೆ ಆಟಗಾರರು ಇರುವೆಯಷ್ಟೇ ಕಾಣುತ್ತಿದ್ದರು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ ಎಂದು ಯಾರೋ ಕಿವಿಗೆ ಹಾಕಿದರು. ಬೆನಕಪ್ಪ ಮುಖ ಗಂಟಿಕ್ಕಿಕೊಂಡೇ ಶಿವಮೊಗ್ಗಕ್ಕೆ ಹೋದ, ಅಂಗಡಿಯವನನ್ನು ಬೈಯುತ್ತಲೇ ಕಂಪ್ಯೂಟರ್ ತಂದ. ಮಗಳ ಓದಿಗೆ ಬಾರದ್ದು ಅಪ್ಪನ ಹಟಕ್ಕೆ ಬಂತು. ಸಂಗೀತಾ ಉರಿದುಹೋದಳು. ಅವಳ ಸಿಟ್ಟಿಗಾದರೂ ನ್ಯಾಯವಿತ್ತು.

"ನಾನು ಕೇಳ್ದಾಗ ದರಿದ್ರದ ಪೆಟ್ಟಿಗೆ. ನಿಮಗೆ ಬೇಕಾದ್ರೆ ಸಾಕ್ಷಿ, ಅಲ್ವಾಪ್ಪ?" ಎನ್ನುತ್ತಲೇ ತಂತಿಗಳನ್ನು ಸಿಕ್ಕಿಸಿದಳು. "ಮೊದ್ಲು ನಾವೇ ಒಂದ್ಸಲ ನೋಡಣ."

"ನೋಡೋದೇನು? ನಾನು ಕಣ್ಣಾರೆ ಕಂಡಿದೀನಿ."

ಭಾನುವಾರ ಪೇಟೆಯವರನ್ನೆಲ್ಲ ಕರೆದು ಹಾಲಿನಲ್ಲಿ ಕೂರಿಸಿದ. ಬರುವುದಿಲ್ಲವೆಂದ ವಿಜಯನನ್ನೂ ಎಳೆತಂದ. ಗಂಡಸಾದರೆ ಬನ್ನಿ ಎಂದು ಮೇಷ್ಟ್ರಿಗೂ ಹೇಳಿಕಳಿಸಿದ್ದ. ಅವರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು, ಗೋಡೆಗೆ ಒರಗಿ ನಿಂತರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಕೊನೆಯ ರೈಡ್ ಬಂತು. ಸಂಗೀತಾ ಚಿತ್ರವನ್ನು ನಿಲ್ಲಿಸಿದಳು. ವಿಜಯನ ಕಾಲು ಗೆರೆಗೆ ಇನ್ನೂ ಒಂದು ಮೊಳ ಹಿಂದಿತ್ತು. ಅವನು ಎರಡೂ ಕೈ ಮೇಲೆತ್ತಿ, ಗೆದ್ದವನಂತೆ ನಿಂತುಬಿಟ್ಟಿದ್ದ. ಹಿಡಿಯುವವನು ಇನ್ನೂ ಅವನ ಹತ್ತಿರವೇ ಬಂದಿರಲಿಲ್ಲ. ಅವನ ಮುಂದೆ, ಅಂಕಣದ ನಡುವೆ, ಬೆನಕಪ್ಪನ ಟವೆಲ್ ಬಿದ್ದಿತ್ತು.

"ಇನ್ನೊಂದ್ಸಲ ಹಾಕು" ಎಂದ ಬೆನಕಪ್ಪ. ಇನ್ನೊಂದು ಸಲವೂ ಟವೆಲ್ಲೇ ಮೊದಲು ಬಿತ್ತು. "ಈ ಡಬ್ಬ ಸುಳ್ಳು ತೋರುಸ್ತೈತೆ" ಎಂದ. ವಿಜಯನ ಮೇಲೆ ತಿರುಗಿದ. "ಅಲ್ಲಿ ಯಾಕೋ ನಿಂತೆ, ಲೇ?"

ವಿಜಯ್ ತಲೆ ಎತ್ತಲಿಲ್ಲ. "ಟವೆಲ್ ಬಿತ್ತಲ್ಲಣ್ಣ. ದಾಟಿದೀನಿ ಅಂದ್ಕಂಡೆ."

ಇನ್ನು ಬೈಯಲು ಉಳಿದವರು ಒಬ್ಬರೇ. "ಮೇಷ್ಟ್ರೇ, ನೀವು ಇದನ್ನ ಆವತ್ತೇ ನೋಡಿದ್ರಾ?"

"ನೋಡಿದ್ದೆ."

"ಮತ್ತೆ ಬಾಯಿ ಯಾಕೆ ಮುಚ್ಕಂಡಿದ್ರಿ?"

"ಕಲ್ಲು ಹಿಡ್ಕಂಡ ಹುಡುಗ್ರ ಮುಂದೆ ನಿನ್ನ ಹೆಸ್ರು ಹೇಳ್ಬೇಕಿತ್ತಾ? ನಾನಾದ್ರೆ ತರೀಕೆರೆ ಬಸ್ ಹತ್ತೋನು. ನೀನು ಇದೇ ಊರಲ್ಲಿ ಅಂಗಡಿ ಬಾಗ್ಲು ತೆಗೀಬೇಕು."

"ಆಮೇಲಾದ್ರೂ ಹೇಳ್ಬೋದಿತ್ತು."

"ಆಮೇಲೆ ನೀನು ಫೋನ್ ಎತ್ತಿದ್ರೆ ತಾನೇ?" ಮೇಷ್ಟ್ರ ದನಿ ಆಗ ಮೊದಲ ಸಲ ಏರಿತು. "ನನ್ನ ಮೊಮ್ಮಗಳು ಅರ್ಫಾ ಸ್ಕೂಲಿಂದ ಬಂದು, ದಾದಾ, ನಿಮ್ಮನ್ನ ಎಷ್ಟಕ್ಕೆ ಮಾರ್ಕಂಡ್ರಿ ಅಂತ ಕೇಳಿದ್ಲು. ಎರಡನೇ ಕ್ಲಾಸು. ತಿಳೀದೆ ಕೇಳಿದ್ಲು, ಆದ್ರೂ ಕೇಳಿದ್ಲು."

"ತಪ್ಪಾಯ್ತು ಮೇಷ್ಟ್ರೇ" ಎಂದ ಬೆನಕಪ್ಪ. ಆ ಮಾತು ಅವನ ಬಾಯಿಂದ ಬಂದದ್ದನ್ನು ಮಲ್ಲಿಕಾಂಬ ಅದುವರೆಗೆ ಕೇಳಿರಲಿಲ್ಲ.

"ನಂಗೆ ಹೇಳಿ ಏನು ಬಂತು? ಆ ಮಗೂಗೆ ಹೇಳು" ಎಂದು ಮೇಷ್ಟ್ರು ಹೊರಟೇಬಿಟ್ಟರು.

ಬೆನಕಪ್ಪ ಚಪ್ಪಲಿ ಮೆಟ್ಟಿ ಹಿಂದೆಯೇ ಹೋದ. ಬಸ್ಸಿನಲ್ಲಿ ಮೇಷ್ಟ್ರು ಮುಂದಿನ ಸೀಟಿನಲ್ಲಿ, ಇವನು ಹಿಂದಿನದರಲ್ಲಿ. ತರೀಕೆರೆ ಬರುವತನಕ ಅವರು ಒಮ್ಮೆಯೂ ತಿರುಗಲಿಲ್ಲ. ತನ್ನ ಮೇಲೆ ತನಗೇ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಅವನು ಕಿಟಕಿಯ ಕಂಬಿ ಹಿಡಿದು ಕೂತಿದ್ದ.

ಬಾಗಿಲು ತೆರೆದವಳು ಅರ್ಫಾ. ಅವಳ ಮುಖ ಅರಳಿತು. "ಬೆನಕಪ್ಪಜ್ಜ, ಇಷ್ಟು ದಿನ ಯಾಕೆ ಬರ್ಲೇ ಇಲ್ಲ?"

ಮೇಷ್ಟ್ರು ಮೂಲೆಯಲ್ಲಿ ಚಪ್ಪಲಿ ಬಿಟ್ಟು, ಮೊಮ್ಮಗಳನ್ನು ಜಗಲಿಯ ಮೇಲೆ ಕೂರಿಸಿದರು.

"ಅದನ್ನೇ ಹೇಳಕ್ಕೆ ಬಂದಿದಾರೆ. ಕೇಳಮ್ಮ" ಎಂದರು.