ಇಸ್ತ್ರಿಯ ಹನ್ನೊಂದು ಪ್ರಶ್ನೆಗಳು

ನಮ್ಮ ಕರಾವಳಿ ರಕ್ಷಣಾ ಠಾಣೆಯ ರೇಡಿಯೋ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕುಳಿತವನನ್ನು ನಾವೆಲ್ಲ ಇಸ್ತ್ರಿ ಎಂದೇ ಕರೆಯುತ್ತಿದ್ದೆವು. ಅವನ ದನಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಅದರ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ. ಅವನು ಹವಾಮಾನ ವರದಿ ಓದಿದರೆ ಬಿರುಗಾಳಿಯೂ ಆಕಳಿಸಿ ಮಲಗುತ್ತದೆ ಎಂದು ನಾನೇ ಊರೆಲ್ಲ ಹಬ್ಬಿಸಿದ್ದೆ. ನಂಬಿದವರೂ ಇದ್ದರು.

ಕೆಲಸ ಕೇಳಲು ಸುಲಭ. ರಜೆಯ ದಿನ ಮೋಜಿಗೆ ಹಾಯಿದೋಣಿ ಹತ್ತಿದವರು ಕರೆಯುತ್ತಾರೆ, ಇವನು ಉತ್ತರಿಸುತ್ತಾನೆ. ನೂರಕ್ಕೆ ತೊಂಬತ್ತು ಮಂದಿ ಕರೆಯುವುದು "ನನ್ನ ರೇಡಿಯೋ ಕೇಳಿಸ್ತಿದೆಯಾ?" ಎಂದು ಕೇಳಲು. ಉಳಿದವರು ಮುಳುಗುತ್ತಿರುತ್ತಾರೆ. ಅವರಿಗೆಂದೇ ಹನ್ನೊಂದು ಪ್ರಶ್ನೆಗಳ ಹಾಳೆಯಿತ್ತು: ದೋಣಿ ಯಾವುದು, ಎಲ್ಲಿದ್ದೀರಿ, ಎಷ್ಟು ಜನ, ಲೈಫ್ ಜಾಕೆಟ್ ಹಾಕಿದ್ದೀರಾ... ಒಂದನ್ನೂ ಬಿಡುವಂತಿಲ್ಲ. "ಇಲ್ಲಿ ದನಿ ನಡುಗಿದ್ರೆ ಅಲ್ಲಿ ಕೈ ನಡುಗತ್ತೆ" ಎನ್ನುತ್ತಿದ್ದ ಇಸ್ತ್ರಿ.

ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದಾಗ ಅವನು ಹೇಳಿದ್ದು, "ಸರಿ, ಬರ್ಕೊಂಡೆ." ತಾಯಿ ತೀರಿಕೊಂಡ ಸುದ್ದಿಗೂ ಅದೇ ಮಾತು. ಇವೆರಡನ್ನು ನಾನು ಕಟ್ಟಿ ಹೇಳುತ್ತಿಲ್ಲ. ಅದೇ ಕೋಣೆಯಲ್ಲಿ ನಕ್ಷೆಯ ಮೇಜು ನನ್ನದಾಗಿತ್ತು.

ಇಸ್ತ್ರಿಗೆ ಒಡಹುಟ್ಟಿದವಳು ಒಬ್ಬಳೇ ಅಕ್ಕ. ಭಾವ ನಿವೃತ್ತನಾದ ವಾರವೇ ಒಂದು ಹಾಯಿದೋಣಿ ಕೊಂಡ, ಜೊತೆಗೊಂದು ಟೋಪಿ. ಎರಡರಲ್ಲಿ ಟೋಪಿಯೇ ದೊಡ್ಡದು ಎಂಬುದು ನನ್ನ ವಾದ.

ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಆ ದೋಣಿಯಿಂದ ಕರೆ ಬಂತು.

"ಲೋ ಭಾವಮೈದ! ಯಾವುದೋ ಮರದ ದಿಮ್ಮಿ ಬಡೀತು. ನೀರು ಒಳಗೆ ಬರ್ತಿದೆ!"

"ಎಲ್ಲಿದ್ದೀರಿ ಹೇಳಿ. ಓವರ್."

ಭಾವ ದೋಣಿಯ ಜಿಪಿಎಸ್ ಪರದೆಯ ಮೇಲಿನ ಅಂಕಿಗಳನ್ನು ಓದಿದ. ನಕ್ಷೆಯಲ್ಲಿ ಗುರುತು ಹಾಕಿದೆ. ದಕ್ಷಿಣಕ್ಕಿರುವ ದ್ವೀಪದ ದೋಣಿಕಟ್ಟೆಯ ಮೇಲೇ ಬಿತ್ತು. ನಮ್ಮ ರಕ್ಷಣಾ ದೋಣಿ ಆ ಕಡೆ ಹೊರಟೂ ಆಯಿತು. ಇಸ್ತ್ರಿ ಗಡಿಯಾರ ನೋಡಿದ.

"ಭಾವನ ದೋಣಿ ದಡ ಬಿಟ್ಟು ಒಂದೇ ಗಂಟೆ ಆಗಿದೆ. ಅಲ್ಲಿಗೆ ಮೂರು ಗಂಟೆ ಬೇಕು."

"ನಿಮ್ಮ ಭಾವ ಗಾಳಿಗೆ ಲಂಚ ಕೊಟ್ಟಿರ್ಬೇಕು," ಎಂದೆ. ಯಾರೂ ನಗಲಿಲ್ಲ, ನಾನೂ ನಗಲಿಲ್ಲ.

ಮೋಜಿನ ನಾವಿಕರ ಹಳೆಯ ತಪ್ಪು ಇದು. ಪರದೆಯ ಮೇಲೆ ಎರಡು ಸಾಲು ಅಂಕಿಗಳಿರುತ್ತವೆ: ಒಂದು ನೀವಿರುವ ಜಾಗ, ಇನ್ನೊಂದು ಹೋಗಬೇಕಾದ ಜಾಗ. ಗಾಬರಿಯಲ್ಲಿ ಎರಡನೆಯದನ್ನು ಓದಿಬಿಡುತ್ತಾರೆ.

"ಇನ್ನೊಂದು ಸಾಲು ಓದಿ. ಓವರ್."

"ಪರದೆ ಆರಿಹೋಯ್ತು ಕಣೋ!"

"ಸುತ್ತ ಏನು ಕಾಣ್ತಿದೆ?"

"ನೀರು ಕಣಯ್ಯಾ! ಇನ್ನೇನು ಕಾಣತ್ತೆ?"

"ರೇಡಿಯೋನ ಪಕ್ಕದವರಿಗೆ ಕೊಡಿ. ಓವರ್."

ಪಕ್ಕದವರೆಂದರೆ ಅಕ್ಕ.

"ಲೋ, ನಾನು ಕಣೋ. ಮೊಣಕಾಲಿಗೆ ಬಂತು ನೀರು."

"ನಿಮ್ಮ ಹೆಸರು ಹೇಳಿ. ಓವರ್."

"ನನ್ನ ಹೆಸರು ನಿಂಗೆ ಗೊತ್ತಿಲ್ವೇನೋ?"

"ನಿಮ್ಮ ಹೆಸರು ಹೇಳಿ."

ಹೇಳಿದಳು. ಬರೆದುಕೊಂಡ.

"ಈಗ ಗುಂಡಿ ಒತ್ತಿಕೊಂಡೇ ಇರಿ. ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಿ."

ನಮ್ಮಲ್ಲಿ ದಿಕ್ಕು ತೋರುವ ಒಂದು ಯಂತ್ರವಿದೆ. ಆ ಕಡೆಯವರು ಮಾತಾಡುತ್ತಿರುವಷ್ಟು ಹೊತ್ತು ಅದರ ಮುಳ್ಳು ಅವರತ್ತ ತಿರುಗುತ್ತದೆ. ಸುಮ್ಮನಾದರೆ ಅದೂ ಸುಮ್ಮನೆ. ಅಕ್ಕ ಎಣಿಸಿದಳು. ಮುಳ್ಳು ದಕ್ಷಿಣ ಬಿಟ್ಟು ಪಶ್ಚಿಮಕ್ಕೆ ಸರಿಯಿತು, ಅಲ್ಲಾಡಿತು, ನಿಂತಿತು. ನಾನು ನಕ್ಷೆಯಲ್ಲಿ ಆ ದಿಕ್ಕಿಗೆ ಗೆರೆ ಎಳೆದು, ಒಂದು ಗಂಟೆಯ ದೂರಕ್ಕೆ ಗುರುತು ಹಾಕಿದೆ. ಹದಿಮೂರಕ್ಕೆ ದನಿ ನಿಂತಿತು.

ಇಸ್ತ್ರಿ ರಕ್ಷಣಾ ದೋಣಿಯನ್ನು ಪಶ್ಚಿಮಕ್ಕೆ ತಿರುಗಿಸಿದ. ಆಮೇಲೆ ಎರಡೆರಡು ನಿಮಿಷಕ್ಕೊಮ್ಮೆ ಭಾವನ ದೋಣಿಯ ಹೆಸರು ಕರೆದ. ಉತ್ತರವಿಲ್ಲ. ಅವನ ಚಹಾದ ಮೇಲೆ ಕೆನೆ ಕಟ್ಟಿತು. ನಡುವೆ ಯಾರೋ ಬೇರೆಯವರು ಕರೆದರು: "ನನ್ನ ರೇಡಿಯೋ ಕೇಳಿಸ್ತಿದೆಯಾ?"

"ಸ್ಪಷ್ಟವಾಗಿ ಕೇಳಿಸ್ತಿದೆ. ಓವರ್."

ಏನಾದರೊಂದು ತಮಾಷೆ ಹೇಳೋಣವೆಂದು ಹುಡುಕಿದೆ. ನನ್ನ ಇಡೀ ದಾಸ್ತಾನಿನಲ್ಲಿ ಒಂದೂ ಸಿಗಲಿಲ್ಲ. ಕಿಟಕಿಯಾಚೆ ಬಿಸಿಲು ಹಾಗೇ ಇತ್ತು.

ನಲವತ್ತನೆಯ ನಿಮಿಷಕ್ಕೆ ರಕ್ಷಣಾ ದೋಣಿಯ ಮುಖ್ಯಸ್ಥನ ದನಿ: "ಇಬ್ರೂ ಸಿಕ್ಕಿದ್ರು. ನೀರಲ್ಲಿದ್ರು, ಜಾಕೆಟ್ ಇತ್ತು. ದೋಣಿ ಹೋಯ್ತು."

"ಸರಿ, ಬರ್ಕೊಂಡೆ. ಓವರ್."

ಐದು ಗಂಟೆಗೆ ಅಕ್ಕ ಕಂಬಳಿ ಹೊದ್ದು ನಮ್ಮ ಕೋಣೆಗೆ ಬಂದಳು. ಭಾವ ಕೆಳಗೆ ವೈದ್ಯರಿಗೆ ದಿಮ್ಮಿಯ ಗಾತ್ರ ವಿವರಿಸುತ್ತಿದ್ದ; ಅದಾಗಲೇ ತಿಮಿಂಗಿಲದಷ್ಟಾಗಿತ್ತು. ಆ ಕಲೆಯಲ್ಲಿ ಅವನು ನನ್ನನ್ನೂ ಮೀರಿಸಿದ.

"ಮೊದಲ ಮಾತಿಗೇ ನಾನು ಅಂತ ಗೊತ್ತಾಯ್ತಾ ನಿಂಗೆ?"

"ಗೊತ್ತಾಯ್ತು."

"ಮತ್ತೆ ಹೆಸರು ಕೇಳಿದ್ಯಲ್ಲೋ."

"ಏಳನೇ ಪ್ರಶ್ನೆ ಅಕ್ಕಾ ಅದು."

ಕಪಾಳಕ್ಕೆ ಬಾರಿಸುತ್ತಾಳೆ ಎಂದುಕೊಂಡೆ. ಅವಳು ಅವನ ಕೈ ನೋಡುತ್ತಿದ್ದಳು. ಪೆನ್ಸಿಲ್ ಬೆರಳುಗಳ ನಡುವೆ ಇತ್ತು, ಕೈ ಹಾಳೆಯ ಮೇಲಿತ್ತು, ಬೇರೆ ಯಾರೋ ಮರೆತುಹೋದ ಕೈಯಂತೆ. ನಡುಗುತ್ತಲೂ ಇರಲಿಲ್ಲ.

"ಹನ್ನೊಂದನೇದು ಬರೀಬೇಕು. ಕೈ ಆಡ್ತಿಲ್ಲ."

"ಎಷ್ಟೊತ್ತಿಂದ?"

"ನೀನು ಹದಿಮೂರು ಅಂದಾಗಿಂದ."

ಅಕ್ಕ ಪಕ್ಕದ ಕುರ್ಚಿ ಎಳೆದು ಕೂತಳು. ಬೆರಳು ಬಿಡಿಸಿ ಪೆನ್ಸಿಲ್ ತೆಗೆದುಕೊಂಡಳು.

"ಏನಂತ ಬರೀಲಿ?"

"ಸಿಕ್ಕಿದವರ ಸ್ಥಿತಿ."

ಅವಳ ಕೂದಲಿನಿಂದ ನೀರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ಇಬ್ಬರೂ ಒದ್ದೆ" ಎಂದು ಬರೆದಳು.

ಇಸ್ತ್ರಿ ಎರಡು ಸಲ ಓದಿದ. ತಿದ್ದಲಿಲ್ಲ.