ಕಾರ್ಕಳವೆಂದು ಕರೆದಾಗ ಓಗೊಟ್ಟದ್ದು

ಕಾಕನ ಬಲ ಮೊಣಕಾಲು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಅವರು ಮೇಜಿನ ಮುಂದೆ ಕೂತರೆ ನನ್ನ ಚಹಾ ಗ್ಲಾಸು ತಾನಾಗಿ ಅಂಚಿಗೆ ಸರಿಯುತ್ತಿತ್ತು. ಕಾಪುವಿನ ಹತ್ತಿರದ ಎರ್ಮಾಳಿನ ಬ್ಯಾರಿ ಮುಸ್ಲಿಮರ ಮನೆಯವರು; ಗಲ್ಫಿನಲ್ಲಿ ಬಹಳ ವರ್ಷ ನೆಟ್‌ವರ್ಕ್ ಕೆಲಸ ಮಾಡಿ ಬಂದು, ನಮ್ಮ ರಕ್ತನಿಧಿಯಲ್ಲಿ ನನಗೆ ಮೇಲಿನವರಾದರು. ಸರ್ ಎಂದು ಯಾರೂ ಕರೆಯಲಿಲ್ಲ, ಎಲ್ಲರಿಗೂ ಕಾಕನೇ.

ಮಣಿಪಾಲ, ಕಾಪು, ಕಾರ್ಕಳ, ಮೂರು ಕಡೆ ಮೂರು ಸರ್ವರ್. ಯಾವ ಗುಂಪಿನ ರಕ್ತ ಎಲ್ಲಿದೆ ಎಂಬ ಪಟ್ಟಿಯನ್ನು ಮೂರೂ ಸೇರಿ ಒಂದೇ ಆಗಿ ಇಟ್ಟುಕೊಳ್ಳಬೇಕು. ಪ್ರತಿ ಕಟ್ಟಡದ ರೂಟರ್ ಹೊರಗಿನವರಿಗೆ ಒಂದೇ ವಿಳಾಸ ತೋರಿಸಿ, ಒಳಗಿನ ಯಂತ್ರಗಳ ವಿಳಾಸಗಳನ್ನು ಮರೆಮಾಡುತ್ತದೆ. ಕಾರ್ಕಳವನ್ನು ಕೂಡಿಸುವಾಗ ನಾನು ಅವಸರದಲ್ಲಿ ಅಲ್ಲಿನ ಸರ್ವರಿನ ಒಳವಿಳಾಸವನ್ನೇ ಉಳಿದವಕ್ಕೆ ಕೊಟ್ಟೆ. ಮಣಿಪಾಲದಲ್ಲಿ ಕೂತೇ ಕಂಪ್ಯೂಟರಿನಿಂದ ಆ ವಿಳಾಸವನ್ನು ಕರೆದು ನೋಡಿದೆ. ಉತ್ತರ ಬಂತು.

"ಸರಿ ಉಂಟು ಕಾಕ," ಎಂದೆ.

"ಅಲ್ಲಿ ಹೋಗಿ ನೋಡಿದ್ಯಾ?"

"ಎಂತಕ್ಕೆ? ಇಲ್ಲಿಗೇ ಉತ್ತರ ಬಂತಲ್ಲ."

ಅವರಿಗೆ ಕೂರಲಾಗಲಿಲ್ಲ. ಹೆಲ್ಮೆಟ್ ಎತ್ತಿಕೊಂಡು ಬೈಕ್ ಏರಿಯೇಬಿಟ್ಟರು. ನಂಬಿಕೆಯಿಲ್ಲದ ಮುದುಕ ಎಂದು ನಾನು ಗೊಣಗಿಕೊಂಡೆ.

ಒಂದು ಗಂಟೆ ಕಳೆದು ಕಾರ್ಕಳದಿಂದ ಅವರ ಫೋನು ಬಂತು. "ಮಾರಾಯ, ಇಲ್ಲಿ ಹೆರಿಗೆಯಾದ ಹುಡುಗಿಗೆ ರಕ್ತ ನಿಲ್ಲುತ್ತಾ ಇಲ್ಲ. ಬಿ ನೆಗೆಟಿವ್ ಬೇಕು. ಎಲ್ಲಿಯೂ ಇಲ್ಲ ಅಂತ ತೋರಿಸ್ತದೆ, ಆದ್ರೆ ಇದು ನಿನ್ನೆ ತುಂಬಿಸಿಟ್ಟ ಪಟ್ಟಿ, ಹೊಸತು ಇಲ್ಲಿಗೆ ಬಂದೇ ಇಲ್ಲ. ನೀನು ಫ್ರಿಜ್ ತೆರೆದು ಕಣ್ಣಾರೆ ನೋಡಿ ಹೇಳು."

ಬೆಳಿಗ್ಗೆಯಷ್ಟೇ ಬಂದ ಎರಡು ಚೀಲಗಳಿದ್ದವು. ಅವನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಆಂಬುಲೆನ್ಸಿನಲ್ಲಿ ಕಳಿಸಿ, ತಲುಪಿತು ಎಂದು ಕಾಕ ಹೇಳುವವರೆಗೆ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದೆ. ಅಷ್ಟು ಭಯ ನಾನು ಪಟ್ಟದ್ದಿಲ್ಲ. ಹುಡುಗಿ ಉಳಿದಳು.

ಒಳವಿಳಾಸ ಆಯಾ ಕಟ್ಟಡದೊಳಗೆ ಮಾತ್ರ ನಡೆಯುವಂಥದ್ದು; ಆಮೇಲೆ ಗೊತ್ತಾಯಿತು, ಅದೇ ಒಳವಿಳಾಸ ಮಣಿಪಾಲದ ನಮ್ಮ ಪ್ರಿಂಟರಿಗೂ ಇತ್ತು. ಕಾರ್ಕಳವೆಂದು ನಾನು ಕರೆದಾಗ ಓಗೊಟ್ಟದ್ದು ಪಕ್ಕದ ಕೋಣೆಯ ಪ್ರಿಂಟರು! ಕಾಕ ಬೈಯಲಿಲ್ಲ. ಕಾರ್ಕಳದ ಹೊರವಿಳಾಸವನ್ನು ಉಳಿದೆರಡಕ್ಕೆ ಕೊಟ್ಟು, ಅಲ್ಲಿಗೆ ಬಂದದ್ದನ್ನು ಒಳಗಿನ ಸರ್ವರಿಗೆ ದಾಟಿಸುವಂತೆ ರೂಟರನ್ನು ಸರಿಪಡಿಸಿದರು.

"ಉತ್ತರ ಬಂದ್ರೆ ಸಾಕಾಗುದಿಲ್ಲ. ಕೊಟ್ಟದ್ದು ಯಾರು ಅಂತ ನೋಡ್ಬೇಕು, ಅಲ್ವಾ?" ಎಂದರು. ಮೊಣಕಾಲು ಆಗಲೂ ಕುಣಿಯುತ್ತಲೇ ಇತ್ತು.

ಕಳೆದ ವರ್ಷ ಕಾಕ ಹೃದಯಾಘಾತದಿಂದ ತೀರಿಕೊಂಡರು. ಎರ್ಮಾಳಿನ ಮನೆಯಲ್ಲಿ ಬಿಳಿ ಬಟ್ಟೆಯ ಕೆಳಗೆ ಆ ಮೊಣಕಾಲು ಸುಮ್ಮನಿತ್ತು. ನನಗೆ ನೋಡುತ್ತ ನಿಲ್ಲಲಾಗಲಿಲ್ಲ. ಹಿಂದಿನ ದಿನವಷ್ಟೇ ಕಾಪುವಿನ ಸರ್ವರ್ ಬದಲಾಗಿತ್ತು. ಮಣಿಪಾಲದಲ್ಲಿ ಕೂತೇ ಕರೆದಿದ್ದೆ, ಉತ್ತರವೂ ಬಂದಿತ್ತು. ಅವರನ್ನು ಮಣ್ಣು ಮಾಡಿದ ಮೇಲೆ ಮನೆಗೆ ಹೋಗದೆ, ಬೈಕನ್ನು ಕಾಪುವಿಗೆ ತಿರುಗಿಸಿದೆ.